ಮಾತ್ರೆ ನುಂಗದವರ ಕರುಳಿಗೂ ಬರುವ ಬ್ಯಾಕ್ಟೀರಿಯಾ

ಆ್ಯಂಟಿಬಯಾಟಿಕ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಎದೆ ತಟ್ಟಿಕೊಂಡು ಹೇಳುವುದುಂಟು: "ನಾನು ಸಣ್ಣಪುಟ್ಟದ್ದಕ್ಕೆಲ್ಲ ಮಾತ್ರೆ ನುಂಗುವವನಲ್ಲ. ನನ್ನ ದೇಹಕ್ಕೆ ಆ ಔಷಧಿ ಒಗ್ಗಿಹೋಗಿಲ್ಲ. ನಾಳೆ ಕಾಯಿಲೆ ಬಂದರೆ ಒಂದೇ ಡೋಸಿಗೆ ಗುಣವಾಗುತ್ತೆ." ಹೇಳುವವರು ಅನಕ್ಷರಸ್ಥರೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಭಾರತವೂ ಸೇರಿ 12 ದೇಶಗಳಲ್ಲಿ ಸಮೀಕ್ಷೆ ನಡೆಸಿದಾಗ, ಔಷಧಿ ನಾಟದಿರುವುದಕ್ಕೆ ದೇಹವೇ ಅದಕ್ಕೆ ಒಗ್ಗಿಹೋಗುವುದು ಕಾರಣ ಎಂದು ಶೇ 76ರಷ್ಟು ಜನ ನಂಬಿದ್ದರು. ನಾಲ್ವರಲ್ಲಿ ಮೂವರು! ಇಷ್ಟು ಜನ ಒಟ್ಟಿಗೆ ತಪ್ಪು ತಿಳಿದಿರುವ ಆರೋಗ್ಯದ ಸಂಗತಿ ಇನ್ನೊಂದು ಸಿಗುವುದು ಕಷ್ಟ.

ಮದ್ಯಕ್ಕೋ ನಿದ್ದೆಮಾತ್ರೆಗೋ ದೇಹ ಒಗ್ಗುವುದು ನಿಜ, ಏಕೆಂದರೆ ಅವು ಕೆಲಸ ಮಾಡುವುದೇ ದೇಹದ ಮೇಲೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಯ ಮೇಲೆ, ಮನುಷ್ಯರ ಜೀವಕೋಶಕ್ಕೆ ಅಂಥ ಭಿತ್ತಿಯೇ ಇಲ್ಲ. ಒಗ್ಗಿಕೊಳ್ಳುವುದು ಬ್ಯಾಕ್ಟೀರಿಯಾ. ಅದು ಔಷಧಿಯನ್ನು ಕತ್ತರಿಸುವ ಕಿಣ್ವವನ್ನು ತಯಾರಿಸುತ್ತದೆ, ಒಳಗೆ ಬಂದ ಔಷಧಿಯನ್ನು ಪಂಪು ಹೊಡೆದಂತೆ ಹೊರಗೆ ಹಾಕುತ್ತದೆ, ಇಲ್ಲವೇ ಔಷಧಿ ಅಂಟಿಕೊಳ್ಳುವ ಜಾಗದ ಆಕಾರವನ್ನೇ ಬದಲಿಸುತ್ತದೆ. ಹೀಗೆ ಪಳಗಿದ ಬ್ಯಾಕ್ಟೀರಿಯಾ ಒಬ್ಬರ ಹೊಟ್ಟೆಯಲ್ಲೇ ಕೂತಿರುವುದಿಲ್ಲ. ಅನ್ನದ ತಟ್ಟೆಗೆ, ನೀರಿನ ಲೋಟಕ್ಕೆ, ಅಡುಗೆಮನೆಯ ಚಾಕುವಿಗೆ ಬರುತ್ತದೆ. ಅದು ಯಾರ ಕರುಳು ಸೇರುತ್ತದೆ ಎಂಬುದಕ್ಕೂ ಅವರು ಎಷ್ಟು ಮಾತ್ರೆ ನುಂಗಿದ್ದಾರೆ ಎಂಬುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಇದನ್ನು ಸುಮಾರು ಐವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಾಗಿದೆ. ಅಮೆರಿಕದ ಬಾಸ್ಟನ್ ಬಳಿಯ ಒಂದು ಕೋಳಿ ಫಾರ್ಮಿನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಕೋಳಿಗಳ ಮೇವಿಗೆ ಸ್ವಲ್ಪವೇ ಟೆಟ್ರಾಸೈಕ್ಲಿನ್ ಬೆರೆಸಿದರು. ಬೇಗ ಬೆಳೆಯಲೆಂದು ಮೇವಿಗೆ ಹೀಗೆ ಔಷಧಿ ಹಾಕುವುದು ಅಲ್ಲಿ ಆಗ ವಾಡಿಕೆಯಾಗಿತ್ತು. ಒಂದೇ ವಾರದಲ್ಲಿ ಆ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಟೆಟ್ರಾಸೈಕ್ಲಿನ್‌ಗೆ ಬಗ್ಗದವೇ ಆದವು. ಆಮೇಲೆ ನಡೆದದ್ದು ಇನ್ನೂ ಮುಖ್ಯ. ಫಾರ್ಮಿನಲ್ಲಿ ವಾಸವಿದ್ದವರ ಮಲವನ್ನು ವಾರವಾರ ಪರೀಕ್ಷಿಸುತ್ತ ಹೋದರು. ಐದಾರು ತಿಂಗಳಾಗುವಷ್ಟರಲ್ಲಿ ಅವರ ಮಾದರಿಗಳ ಪೈಕಿ ಶೇ 31.3ರಲ್ಲಿ, ಇದ್ದ ಬ್ಯಾಕ್ಟೀರಿಯಾಗಳಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಆ ಔಷಧಿಗೆ ಬಗ್ಗದವು. ನೆರೆಹೊರೆಯ ಮನೆಗಳಲ್ಲಿ ಅಂಥ ಮಾದರಿಗಳು ಶೇ 6.8 ಮಾತ್ರ. ಔಷಧಿ ತಿಂದದ್ದು ಕೋಳಿಗಳು, ಬದಲಾದದ್ದು ಮನುಷ್ಯರ ಕರುಳು. 1976ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾದ ಈ ಅಧ್ಯಯನವನ್ನು ವೈದ್ಯಕೀಯ ಕಾಲೇಜಿನ ಗೋಡೆಯಾಚೆಗೆ ಇಷ್ಟು ವರ್ಷಗಳಾದರೂ ತಲುಪಿಸಲು ಆಗಿಲ್ಲವೆಂಬುದು ಬೇಸರದ ಸಂಗತಿ.

ಆ ಬ್ಯಾಕ್ಟೀರಿಯಾಗಳು ಒಂದೇ ಔಷಧಿಗಲ್ಲ, ಹಲವು ಔಷಧಿಗಳಿಗೆ ಬಗ್ಗದಂಥವಾಗಿದ್ದವು ಎಂಬುದನ್ನೂ ಲೆವಿ ಗುರುತಿಸಿದ್ದರು. ಇದಕ್ಕೆ ಕಾರಣ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾಗಳು ಒಂದರಿಂದ ಒಂದಕ್ಕೆ ದಾಟಿಸುವ ಪುಟ್ಟ ಡಿಎನ್‌ಎ ಉಂಗುರ. ಅದರೊಳಗೆ ನಾಲ್ಕೈದು ಔಷಧಿಗಳನ್ನು ಎದುರಿಸುವ ವಂಶವಾಹಿಗಳು ಒಟ್ಟಿಗೇ ಇರಬಹುದು. ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಅದು ದಾಟುತ್ತದೆ. ಹೊಟ್ಟೆಯಲ್ಲಿ ಯಾರ ತಂಟೆಗೂ ಹೋಗದ ಇ. ಕೊಲೈ, ತನ್ನಲ್ಲಿರುವುದನ್ನು ಟೈಫಾಯ್ಡ್ ತರುವ ಸಾಲ್ಮೊನೆಲ್ಲಾಕ್ಕೆ ಕೊಟ್ಟುಬಿಡಬಲ್ಲದು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರ ಕೊನೆಗೆ ಕಾಣಿಸಿಕೊಂಡ ಟೈಫಾಯ್ಡ್ ಇದಕ್ಕೆ ಸಾಕ್ಷಿ. ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋ-ಟ್ರೈಮಾಕ್ಸಜೋಲ್, ಸಿಪ್ರೋಫ್ಲಾಕ್ಸಸಿನ್, ಸೆಫ್ಟ್ರಯಾಕ್ಸೋನ್ ಯಾವುದೂ ಆ ತಳಿಗೆ ನಾಟಲಿಲ್ಲ. ವೈದ್ಯರ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಅಜಿತ್ರೋಮೈಸಿನ್ ಮತ್ತು ದುಬಾರಿ ಕಾರ್ಬಪೆನೆಮ್‌ಗಳು. ಅದರ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳಿಗೆ ಸಿಕ್ಕ ಹೊಸ ಪ್ಲಾಸ್ಮಿಡ್ ಇ. ಕೊಲೈಯಲ್ಲಿ ಕಂಡಿದ್ದರ ಪಡಿಯಚ್ಚಿನಂತಿತ್ತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳು. ಕೊಳಕು ನೀರು ಕುಡಿದ ಆ ಮಕ್ಕಳ ದೇಹ ಯಾವ ಔಷಧಿಗೆ ಒಗ್ಗಿತ್ತು ಎಂದು ಎದೆ ತಟ್ಟಿಕೊಳ್ಳುವವರು ಹೇಳಬೇಕು.

ಕೊಲಿಸ್ಟಿನ್ ಕಥೆ ಇನ್ನೂ ಕಳವಳ ಹುಟ್ಟಿಸುವಂಥದ್ದು. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ಒಮ್ಮೆ ಬದಿಗಿಟ್ಟಿದ್ದ ಈ ಹಳೆಯ ಔಷಧಿಯನ್ನು, ಬೇರೇನೂ ನಾಟದ ರೋಗಿಗಳಿಗಾಗಿ ವೈದ್ಯರು ಮತ್ತೆ ಕೈಗೆತ್ತಿಕೊಂಡಿದ್ದರು. ಅದೇ ಹೊತ್ತಿನಲ್ಲಿ ಚೀನಾದ ಹಂದಿ ಫಾರ್ಮುಗಳಲ್ಲಿ ಅದನ್ನು ಮೇವಿಗೆ ಟನ್ನುಗಟ್ಟಲೆ ಬೆರೆಸಲಾಗುತ್ತಿತ್ತು. 2015ರ ನವೆಂಬರಿನಲ್ಲಿ ಅಲ್ಲಿನ ವಿಜ್ಞಾನಿಗಳು ಕೊಲಿಸ್ಟಿನ್ ಎದುರಿಸುವ, ಪ್ಲಾಸ್ಮಿಡ್ ಮೇಲೆ ಸವಾರಿ ಮಾಡುವ ಎಂಸಿಆರ್-1 ಎಂಬ ವಂಶವಾಹಿಯನ್ನು ಪ್ರಕಟಿಸಿದರು. ಹಸಿ ಮಾಂಸದ 523 ಮಾದರಿಗಳ ಪೈಕಿ 78ರಲ್ಲಿ ಅದನ್ನು ಹೊತ್ತ ಇ. ಕೊಲೈ ಇತ್ತು. ಆಸ್ಪತ್ರೆ ರೋಗಿಗಳ 1,322 ಮಾದರಿಗಳ ಪೈಕಿ 16ರಲ್ಲಿ ಇತ್ತು. ಮಾಂಸದಲ್ಲಿ ಹೆಚ್ಚು, ರೋಗಿಗಳಲ್ಲಿ ಕಡಿಮೆ: ಹೊಳೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ಈ ಅಂಕಿಗಳೇ ಸೂಚಿಸಿದವು. ಭಾರತ ಸರ್ಕಾರ 2019ರ ಜುಲೈಯಲ್ಲಿ ಕೋಳಿ, ಮೀನು ಮತ್ತಿತರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು. ಒಳ್ಳೆಯ ನಿರ್ಧಾರ. ಇಂಥದ್ದು ಇನ್ನೂ ಹಲವು ಔಷಧಿಗಳಿಗೆ ಬೇಕು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಚೆನ್ನಾಗಿ ಬೇಯಿಸಿದರೆ ಸಾಕು ಎನ್ನುತ್ತಾರೆ. ಬೇಯಿಸಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಸಾಯುತ್ತದೆ, ಆದರೆ ಒಲೆಗೆ ಹೋಗುವ ಮೊದಲೇ ಅದು ನಲ್ಲಿಯ ಕೆಳಗೆ ಕೋಳಿ ತೊಳೆದಾಗ ಸಿಡಿದ ಹನಿಯಲ್ಲಿ, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿಯಲ್ಲಿ ಕೂತಿರುತ್ತದೆ. ನಾಟಿ ಕೋಳಿ ಸುರಕ್ಷಿತ ಎನ್ನುವವರು ಅದು ಚರಂಡಿ ಬದಿಯಲ್ಲೇ ಕೆದಕುತ್ತದೆಂಬುದನ್ನು ನೆನಪಿಟ್ಟುಕೊಳ್ಳಲಿ. ಮಾಂಸದಲ್ಲಿ ಉಳಿದ ಔಷಧಿಯ ಅಂಶವೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಒಂದೇ ಅಲ್ಲ, ಮೊದಲನೆಯದು ಇಲ್ಲದ ಮಾಂಸದಲ್ಲೂ ಎರಡನೆಯದು ಇರಬಹುದು. ನೆಗಡಿ ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಆ್ಯಂಟಿಬಯಾಟಿಕ್ ಕೇಳುವುದನ್ನು ನಿಲ್ಲಿಸಿ.

ಸಸ್ಯಾಹಾರಿಗಳಿಗೆ ಇದು ತಟ್ಟದು ಎಂಬ ಮಾತಿಗೆ ಉತ್ತರ 2011ರ ಜರ್ಮನಿಯಲ್ಲಿದೆ. ಆ ಬೇಸಿಗೆಯಲ್ಲಿ ಸುಮಾರು ನಾಲ್ಕು ಸಾವಿರ ಜನ ಕಾಯಿಲೆ ಬಿದ್ದು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಾರಣ, ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಇ. ಕೊಲೈ. ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿದರು. ಕೊನೆಗೆ ಜಾಡು ಹೋಗಿ ನಿಂತದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಕಾಳಿನ ಮೊಳಕೆಯಲ್ಲಿ.

ಜನ ಭಯಪಡುವುದಿಲ್ಲ ಎಂದಲ್ಲ, ಭಯಪಡಬೇಕಾದ್ದನ್ನು ಬಿಟ್ಟು ಬೇರೆಯದಕ್ಕೆ ಭಯಪಡುತ್ತಾರೆ. ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬ ಸಂದೇಶ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಆ ಕೋಳಿ ಆರು ವಾರಕ್ಕೇ ಬೆಳೆಯಲು ಹಲವು ದಶಕಗಳ ತಳಿ ಆಯ್ಕೆ ಮತ್ತು ಮೇವು ಕಾರಣ. ಸಾವಿರಾರು ಕೋಳಿಗಳಿಗೆ ದಿನವೂ ಸೂಜಿ ಚುಚ್ಚುತ್ತ ಕೂರಲು ಯಾವ ರೈತನಿಗೂ ಪುರಸೊತ್ತಿಲ್ಲ. 2020ರ ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಸುದ್ದಿಗೆ ಕರ್ನಾಟಕದಲ್ಲಿ ಬೆಲೆ ಎಷ್ಟು ಕುಸಿಯಿತೆಂದರೆ, ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಲಾಯಿತು. ರೈತರು ಮುಳುಗಿದರು. ಸುಳ್ಳು ಸುದ್ದಿಗೆ ಇಡೀ ಮಾರುಕಟ್ಟೆಯನ್ನೇ ಮಲಗಿಸಬಲ್ಲ ಗಿರಾಕಿಗಳು, ಈ ಕೋಳಿಯ ಮೇವಿಗೆ ಯಾವ ಔಷಧಿ ಬೆರೆಸಿದ್ದಾರೆ, ಪಶುವೈದ್ಯರ ಚೀಟಿ ಇದೆಯೇ ಎಂದು ಒಮ್ಮೆಯಾದರೂ ಕೇಳಿದ್ದರೆ ಎಷ್ಟೋ ಬದಲಾಗುತ್ತಿತ್ತು. ಕೇಳುವುದಿಲ್ಲ, ಏಕೆಂದರೆ ತಮ್ಮ ದೇಹ ಒಗ್ಗಿಲ್ಲವೆಂಬ ಧೈರ್ಯ ಅವರಿಗಿದೆ.

ಕೇಳಿದರೆ, ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಮರಿ ಮಾಡಿಸುವ ಕೇಂದ್ರಗಳು ಮೊಟ್ಟೆಗೇ ಸೆಫ್ಟಿಯೋಫರ್ ಚುಚ್ಚುತ್ತಿದ್ದವು. ಅದು ಪ್ರಾಣಿಗಳಿಗೆ ಮಾತ್ರ ಕೊಡುವ ಔಷಧಿ, ಮನುಷ್ಯರಿಗೆ ಕೊಡುವ ಸೆಫ್ಟ್ರಯಾಕ್ಸೋನ್‌ನ ಹತ್ತಿರದ ಸಂಬಂಧಿ. 2005ರಲ್ಲಿ ಆ ಕೇಂದ್ರಗಳು ತಾವಾಗಿಯೇ ಅದನ್ನು ನಿಲ್ಲಿಸಿದವು. ಅಂಗಡಿಯ ಕೋಳಿಮಾಂಸದಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಹೈಡಲ್‌ಬರ್ಗ್ ತಳಿಯಲ್ಲಿ ಸೆಫ್ಟಿಯೋಫರ್‌ಗೆ ಬಗ್ಗದವುಗಳ ಪ್ರಮಾಣ 2004ರಿಂದ 2006ಕ್ಕೆ ಶೇ 62ರಿಂದ ಶೇ 7ಕ್ಕೆ ಇಳಿಯಿತು. ರೋಗಿಗಳಲ್ಲಿ ಸಿಕ್ಕ ಅದೇ ತಳಿಯಲ್ಲೂ ಶೇ 36ರಿಂದ ಶೇ 8ಕ್ಕೆ ಇಳಿಯಿತು. 2007ರಲ್ಲಿ ಕೆಲವು ಕೇಂದ್ರಗಳು ಮತ್ತೆ ಚುಚ್ಚಲು ಶುರು ಮಾಡಿದಾಗ ಆ ಪ್ರಮಾಣ ಮತ್ತೆ ಏರತೊಡಗಿತು. 2014ರಲ್ಲಿ ಕೆನಡಾದ ಕೋಳಿ ಸಾಕಣೆದಾರರು, ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯವಾದ ಈ ವರ್ಗದ ಔಷಧಿಗಳನ್ನು ರೋಗ ಬರುವ ಮುಂಚೆಯೇ ಕೊಡುವುದನ್ನು ದೇಶದಾದ್ಯಂತ ಕೈಬಿಟ್ಟರು.