ಚಂದ್ರನಿಗೆ ದಾರಿ ತೋರಿದ ಕಿರಿಯರ ದನಿ

ಅಪೊಲೊ ನೌಕೆಗಳಲ್ಲಿ ಹೋದ 12 ಮಂದಿ ಚಂದ್ರನ ನೆಲದ ಮೇಲೆ ನಡೆದರು. ಆ ಯಾನಗಳ ನಿರ್ಣಾಯಕ ಗಳಿಗೆಗಳಲ್ಲಿ ಮಾತಾಡಿದವರು ಬಹುಪಾಲು ಕಿರಿಯ ಎಂಜಿನಿಯರುಗಳು. ಅವರ ಮಾತಿಗೆ ಹಿರಿಯರು ಕಿವಿಗೊಟ್ಟರು. ಭಾರತೀಯರನ್ನು ಚಂದ್ರನ ಮೇಲೆ ಇಳಿಸಲು ಹೊರಟಿರುವ ನಾವು ಆ ಚರಿತ್ರೆಯಿಂದ ಕಲಿಯಬೇಕಾದ ಮೊದಲ ಪಾಠ ಇದೇ.

1969ರ ಜುಲೈ 20. ಭಾರತದಲ್ಲಿ ಆಗಲೇ ನಡುರಾತ್ರಿ ದಾಟಿ ತಾರೀಕು ಬದಲಾಗಿತ್ತು. ಚಂದ್ರನತ್ತ ಇಳಿಯುತ್ತಿದ್ದ ‘ಈಗಲ್’ ನೌಕೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ 1202 ಎಂಬ ಎಚ್ಚರಿಕೆ ತೋರಿಸಿತು. ನೆಲ ಇನ್ನೂ ಸುಮಾರು ಹತ್ತು ಕಿಲೊಮೀಟರ್ ಕೆಳಗಿತ್ತು. ಆ ಅಂಕಿಯ ಅರ್ಥ ನೀಲ್ ಆರ್ಮ್‌ಸ್ಟ್ರಾಂಗ್‌ಗೂ ತಿಳಿಯಲಿಲ್ಲ, ಬಜ್ ಆಲ್ಡ್ರಿನ್‌ಗೂ ತಿಳಿಯಲಿಲ್ಲ. ಇಳಿಯುವುದೋ, ಹಿಂದಿರುಗುವುದೋ?

ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಉತ್ತರ ಹೇಳಬೇಕಾಗಿದ್ದವರು 26 ವರ್ಷದ ಸ್ಟೀವ್ ಬೇಲ್ಸ್. ಅವರಿಗೆ ಬೆಂಬಲವಾಗಿ ಹಿಂದಿನ ಕೊಠಡಿಯಲ್ಲಿ ಕೂತಿದ್ದವರು 24 ವರ್ಷದ ಜ್ಯಾಕ್ ಗಾರ್ಮನ್. ಇಂಥ ಎಚ್ಚರಿಕೆಗಳ ಸಂಕೇತಗಳನ್ನೆಲ್ಲ ಗಾರ್ಮನ್ ಕೈಯಾರೆ ಬರೆದು ಎದುರಿಗಿಟ್ಟುಕೊಂಡಿದ್ದರು. ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿದೆ, ಅದು ಮುಖ್ಯವಲ್ಲದ ಕೆಲಸಗಳನ್ನು ಬಿಟ್ಟು ಮುಖ್ಯವಾದದ್ದನ್ನು ಮಾಡುತ್ತಿದೆ, ಎಚ್ಚರಿಕೆ ಒಂದೇಸಮನೆ ಬಾರದಿದ್ದರೆ ಇಳಿಯಬಹುದು ಎಂದು ಅವರು ಹೇಳಿದರು. ಬೇಲ್ಸ್ ಅದನ್ನು ಒಪ್ಪಿ ಮುಂದುವರಿಯಲು ಸೂಚಿಸಿದರು. ಯಾನ ನಿರ್ದೇಶಕ ಜೀನ್ ಕ್ರಾಂಜ್ ಮರುಪ್ರಶ್ನೆ ಹಾಕಲಿಲ್ಲ.

ಆ ನಂಬಿಕೆ ಹುಟ್ಟಿದ್ದು ಒಂದು ತಪ್ಪಿನಿಂದ. ಉಡಾವಣೆಗೆ ಕೆಲವೇ ದಿನಗಳ ಮುಂಚೆ ನಡೆದ ತಾಲೀಮಿನಲ್ಲಿ ಇಂಥದ್ದೇ ಎಚ್ಚರಿಕೆ ಬಂದಾಗ ಬೇಲ್ಸ್ ಇಳಿಕೆಯನ್ನೇ ರದ್ದು ಮಾಡಿಸಿದ್ದರು. ಹಾಗೆ ಮಾಡಬೇಕಾದ ಅಗತ್ಯವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೇಲ್ಸ್ ಅವರನ್ನು ಕ್ರಾಂಜ್ ಬದಲಿಸಲಿಲ್ಲ. ಒಂದೊಂದು ಸಂಕೇತಕ್ಕೂ ಏನು ಮಾಡಬೇಕೆಂದು ಬರೆದಿಡಲು ಹೇಳಿದರು. ಗಾರ್ಮನ್ ಎದುರಿಗಿದ್ದ ಪಟ್ಟಿ ತಯಾರಾದದ್ದು ಹೀಗೆ.

ಹಂತ ಮೀರಿ ಬರೆದ ಪತ್ರ

1961ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಮೇ 5ರಂದು ಅಮೆರಿಕದ ಅಲನ್ ಶೆಪರ್ಡ್ 15 ನಿಮಿಷ ಹಾರಿ ಕೆಳಗಿಳಿದರು. ಅಷ್ಟೇ ಅನುಭವದ ಬಲದ ಮೇಲೆ ಅಧ್ಯಕ್ಷ ಜಾನ್ ಎಫ್. ಕೆನೆಡಿ ಮೇ 25ರಂದು ಸಂಸತ್ತಿನ ಮುಂದೆ ಗುರಿ ಇಟ್ಟರು: ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಕರೆತರಬೇಕು.

ಹೋಗುವುದು ಹೇಗೆ ಎಂಬುದೇ ತೀರ್ಮಾನವಾಗಿರಲಿಲ್ಲ. ದೈತ್ಯ ರಾಕೆಟ್‌ನಲ್ಲಿ ನೇರವಾಗಿ ಹೋಗಿ, ಇಡೀ ನೌಕೆಯನ್ನೇ ಇಳಿಸಿ, ಮತ್ತೆ ಮೇಲೆಬ್ಬಿಸಿ ತರುವುದು ಒಂದು ಯೋಚನೆ. ನೌಕೆಯನ್ನು ಭೂಕಕ್ಷೆಯಲ್ಲಿ ಜೋಡಿಸಿ ಕಳಿಸುವುದು ಇನ್ನೊಂದು. ವರ್ಜೀನಿಯಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದ ಎಂಜಿನಿಯರ್ ಜಾನ್ ಹೂಬೋಲ್ಟ್ ಮೂರನೆಯ ದಾರಿಗೆ ಪಟ್ಟು ಹಿಡಿದರು. ತಾಯಿನೌಕೆ ಚಂದ್ರನ ಕಕ್ಷೆಯಲ್ಲೇ ಸುತ್ತುತ್ತಿರಲಿ, ಹಗುರವಾದ ಪುಟ್ಟ ನೌಕೆಯೊಂದು ಕೆಳಗಿಳಿದು ಮೇಲೆ ಬಂದು ಅದನ್ನು ಕೂಡಿಕೊಳ್ಳಲಿ. ಇಳಿಸಿ ಏರಿಸಬೇಕಾದ ತೂಕ ಕಡಿಮೆಯಾದರೆ ಒಂದೇ ರಾಕೆಟ್ ಸಾಕು. ಭೂಮಿಯಿಂದ ಅಷ್ಟು ದೂರದಲ್ಲಿ ನೌಕೆಗಳನ್ನು ಜೋಡಿಸುವ ಮಾತು ಹಲವರಿಗೆ ಹುಚ್ಚು ಸಾಹಸವಾಗಿ ಕಂಡಿತು. 1961ರ ನವೆಂಬರ್‌ನಲ್ಲಿ ಹೂಬೋಲ್ಟ್ ತಮ್ಮ ಮೇಲಿನ ಹಲವು ಹಂತಗಳನ್ನು ದಾಟಿ ನಾಸಾದ ಉನ್ನತ ಅಧಿಕಾರಿ ರಾಬರ್ಟ್ ಸೀಮನ್ಸ್ ಅವರಿಗೇ ಪತ್ರ ಬರೆದರು. ಸೀಮನ್ಸ್ ಅದನ್ನು ಪರಿಶೀಲನೆಗೆ ಒಪ್ಪಿಸಿದರು. 1962ರ ಜುಲೈನಲ್ಲಿ ನಾಸಾ ಇದೇ ದಾರಿಯನ್ನು ಆರಿಸಿಕೊಂಡಿತು. ಚಂದ್ರನನ್ನು ಮುಟ್ಟಿದ ಆರು ಯಾನಗಳೂ ಹೂಬೋಲ್ಟ್ ವಾದಿಸಿದ ಕ್ರಮದಲ್ಲೇ ನಡೆದವು.

ಕೇಳದೆ ಹೋದಾಗ

1967ರ ಜನವರಿ 27ರಂದು ಅಪೊಲೊ 1ರ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಉಡಾವಣಾ ಕಟ್ಟೆಯ ಮೇಲೆಯೇ ಬೆಂಕಿಗೆ ಬಲಿಯಾದರು. ರಾಕೆಟ್‌ಗೆ ಇಂಧನ ತುಂಬಿರಲಿಲ್ಲವಾದ್ದರಿಂದ ಆ ದಿನದ ಪರೀಕ್ಷೆಯನ್ನು ಯಾರೂ ಅಪಾಯಕಾರಿ ಎಂದು ಎಣಿಸಿರಲಿಲ್ಲ. ಕೋಣೆಯ ತುಂಬ ಒತ್ತಡದಲ್ಲಿದ್ದ ಶುದ್ಧ ಆಮ್ಲಜನಕ, ಸುತ್ತ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳು, ಒಳಮುಖವಾಗಿ ತೆರೆಯುವ ಬಾಗಿಲು. ತನಿಖೆಯ ನಂತರ ನಾಸಾ ನೌಕೆಯನ್ನು ಅಡಿಯಿಂದ ಮುಡಿಯವರೆಗೆ ತಿದ್ದಿತು. ಮತ್ತೆ ಅಪೊಲೊದಲ್ಲಿ ಮನುಷ್ಯರು ಹಾರಿದ್ದು 1968ರ ಅಕ್ಟೋಬರ್‌ನಲ್ಲಿ.

ಅದೇ ವರ್ಷ ಡಿಸೆಂಬರ್‌ನಲ್ಲಿ ಅಪೊಲೊ 8ರ ಫ್ರ್ಯಾಂಕ್ ಬೋರ್ಮನ್, ಜಿಮ್ ಲವೆಲ್, ಬಿಲ್ ಆಂಡರ್ಸ್ ಚಂದ್ರನನ್ನು ಹತ್ತು ಸುತ್ತು ಸುತ್ತಿ ಬಂದರು. ನೌಕೆಯ ತಂತ್ರಾಂಶದ ಹಿಂದೆ ಇದ್ದವರಲ್ಲಿ ಎಂಐಟಿಯ ಮಾರ್ಗರೆಟ್ ಹ್ಯಾಮಿಲ್ಟನ್ ಪ್ರಮುಖರು. ಯಾತ್ರಿಗಳು ಅಕಸ್ಮಾತ್ ತಪ್ಪು ಗುಂಡಿ ಒತ್ತಿದರೆ ಅದನ್ನು ತಡೆಯುವ ವ್ಯವಸ್ಥೆ ಇರಲಿ ಎಂದು ಅವರು ಮುಂಚೆಯೇ ಕೇಳಿದ್ದರು. ಅಷ್ಟು ತರಬೇತಿ ಪಡೆದವರು ತಪ್ಪು ಮಾಡುವುದಿಲ್ಲ ಎಂದು ಅದನ್ನು ತಳ್ಳಿಹಾಕಲಾಯಿತು. ಹಾರಾಟದಲ್ಲಿ ಲವೆಲ್ ಅದೇ ತಪ್ಪು ಮಾಡಿದರು, ಪಥದ ಮಾಹಿತಿ ಅಳಿಸಿಹೋಯಿತು. ನೆಲದಲ್ಲಿದ್ದವರು ಅದನ್ನೆಲ್ಲ ಸರಿಪಡಿಸಿಕೊಡಬೇಕಾಯಿತು.

ಚಂದ್ರನನ್ನು ಮುಟ್ಟುವ ಪೈಪೋಟಿಯಲ್ಲಿ ಸೋವಿಯತ್ ಒಕ್ಕೂಟ ಸೋತದ್ದಕ್ಕೂ ಒಬ್ಬರ ಮಾತನ್ನೊಬ್ಬರು ಕೇಳದೆ ಹೋದದ್ದು ಒಂದು ಕಾರಣ. ಮುಖ್ಯ ವಿನ್ಯಾಸಕಾರ ಸೆರ್ಗೆಯ್ ಕೊರೊಲ್ಯೋವ್ ಮತ್ತು ಎಂಜಿನ್ ತಜ್ಞ ವ್ಯಾಲಂಟಿನ್ ಗ್ಲುಷ್ಕೊ ಇಂಧನದ ವಿಚಾರದಲ್ಲಿ ಒಮ್ಮತಕ್ಕೆ ಬರಲೇ ಇಲ್ಲ. 1966ರಲ್ಲಿ ಕೊರೊಲ್ಯೋವ್ ತೀರಿಕೊಂಡರು. ಅವರ ಎನ್1 ರಾಕೆಟ್‌ನ ಮೊದಲ ಹಂತದಲ್ಲಿ 30 ಎಂಜಿನ್‌ಗಳಿದ್ದವು. ಅವನ್ನೆಲ್ಲ ಒಟ್ಟಾಗಿ ನೆಲದ ಮೇಲೆ ಉರಿಸಿ ಪರೀಕ್ಷಿಸದೆಯೇ ಹಾರಿಸಲಾಯಿತು. 1969ರಿಂದ 1972ರವರೆಗೆ ನಡೆದ ನಾಲ್ಕು ಪ್ರಯತ್ನಗಳೂ ವಿಫಲವಾದವು.

ಸಿಡಿಲು ಬಡಿದ ಮೇಲೆ

1969ರ ನವೆಂಬರ್ 14ರಂದು ಅಪೊಲೊ 12 ಮೇಲೇರುತ್ತಿದ್ದಂತೆ ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ಹ್ಯೂಸ್ಟನ್‌ನ ಪರದೆಗಳ ಮೇಲೆ ಅರ್ಥವಿಲ್ಲದ ಅಂಕಿಗಳು ಮೂಡಿದವು. 26 ವರ್ಷದ ಜಾನ್ ಆರನ್‌ಗೆ ಸುಮಾರು ಒಂದು ವರ್ಷದ ಹಿಂದೆ ಪರೀಕ್ಷೆಯೊಂದರಲ್ಲಿ ಕಂಡಿದ್ದ ಇಂಥದ್ದೇ ಅಂಕಿಗಳು ನೆನಪಾದವು. ಅವರು ಸೂಚಿಸಿದ ಸ್ವಿಚ್‌ನ ಹೆಸರನ್ನು ಯಾನ ನಿರ್ದೇಶಕರೂ ಕೇಳಿರಲಿಲ್ಲ, ನೌಕೆಯ ನಾಯಕ ಪೀಟ್ ಕಾನ್ರಾಡ್‌ಗೂ ಗೊತ್ತಿರಲಿಲ್ಲ. ಆದರೂ ಸೂಚನೆ ಮೇಲಕ್ಕೆ ಹೋಯಿತು. ಆ ಸ್ವಿಚ್ ಎಲ್ಲಿದೆಯೆಂದು ನೌಕೆಯಲ್ಲಿದ್ದ ಅಲನ್ ಬೀನ್‌ಗೆ ಗೊತ್ತಿತ್ತು. ಅದನ್ನು ತಿರುಗಿಸಿದರು, ಅಂಕಿಗಳು ಸರಿಯಾದವು, ಯಾನ ಉಳಿಯಿತು.

ಅಪೊಲೊ 13ರಲ್ಲಿ ಉಳಿಸಬೇಕಾಗಿದ್ದದ್ದು ಮೂರು ಜೀವ. 1970ರ ಏಪ್ರಿಲ್ 13ರಂದು ಭೂಮಿಯಿಂದ ಸುಮಾರು 3.2 ಲಕ್ಷ ಕಿಲೊಮೀಟರ್ ದೂರದಲ್ಲಿ ಆಮ್ಲಜನಕದ ತೊಟ್ಟಿ ಸಿಡಿಯಿತು. ಜಿಮ್ ಲವೆಲ್, ಜ್ಯಾಕ್ ಸ್ವಿಗರ್ಟ್, ಫ್ರೆಡ್ ಹೇಸ್ ಇಳಿಯಲೆಂದಿದ್ದ ಪುಟ್ಟ ನೌಕೆಯಲ್ಲೇ ಆಶ್ರಯ ಪಡೆದರು. ಇಬ್ಬರಿಗೆಂದು ಮಾಡಿದ ಜಾಗದಲ್ಲಿ ಮೂವರ ಉಸಿರಿನ ಇಂಗಾಲದ ಡೈಆಕ್ಸೈಡ್ ಏರತೊಡಗಿತು. ಅದನ್ನು ಹೀರುವ ಡಬ್ಬಿಗಳು ತಾಯಿನೌಕೆಯಲ್ಲಿದ್ದವು, ಆದರೆ ಅವು ಚೌಕ, ಇಲ್ಲಿನ ಕಂಡಿ ದುಂಡಗೆ. ನೆಲದಲ್ಲಿ ಎಡ್ ಸ್ಮೈಲಿ ಮತ್ತು ಸಂಗಡಿಗರು ನೌಕೆಯಲ್ಲಿರುವ ವಸ್ತುಗಳನ್ನಷ್ಟೇ ಎದುರಿಗಿಟ್ಟುಕೊಂಡು ಕೂತರು. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪುಗಳಿಂದ ಒಂದು ಜೋಡಣೆ ಕಂಡುಹಿಡಿದರು. ಅದನ್ನು ಹೇಗೆ ಮಾಡಬೇಕೆಂದು ರೇಡಿಯೊದಲ್ಲಿ ಒಂದೊಂದೇ ಹೆಜ್ಜೆ ಓದಿ ಹೇಳಲಾಯಿತು. ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಜೀವಂತವಾಗಿ ಇಳಿದರು.

ಕಲ್ಲು ಹೇಳಿದ ಕಥೆ

1971ರ ಅಪೊಲೊ 15ರಿಂದ ವಿಜ್ಞಾನಕ್ಕೆ ಮೊದಲ ಸ್ಥಾನ ಸಿಕ್ಕಿತು. ಪೈಲಟ್‌ಗಳಾಗಿದ್ದ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಭೂವಿಜ್ಞಾನಿಗಳ ಹಿಂದೆ ಬೆಟ್ಟಗುಡ್ಡ ಅಲೆದು ಕಲ್ಲು ಗುರುತಿಸಲು ಕಲಿತಿದ್ದರು. ಹ್ಯಾಡ್ಲಿ ಕಣಿವೆಯ ಬಳಿ ಅವರಿಗೆ ಸಿಕ್ಕ ಬಿಳಿಯ ಕಲ್ಲು 400 ಕೋಟಿ ವರ್ಷಕ್ಕೂ ಹಳೆಯದು, ಚಂದ್ರನ ಆದಿಮ ಹೊರಪದರದ ತುಣುಕು. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರಲ್ಲಿ ಸ್ವತಃ ಭೂವಿಜ್ಞಾನಿಯಾದ ಹ್ಯಾರಿಸನ್ ಶ್ಮಿಟ್ ಕಿತ್ತಳೆ ಬಣ್ಣದ ಮಣ್ಣನ್ನು ಕಂಡರು. ಪುರಾತನ ಜ್ವಾಲಾಮುಖಿ ಚಿಮ್ಮಿಸಿದ ಗಾಜಿನ ಕಣಗಳವು. 2008ರಲ್ಲಿ ವಿಜ್ಞಾನಿಗಳು ಅಪೊಲೊ ತಂದ ಇಂಥ ಕಣಗಳಲ್ಲಿ ನೀರಿನ ಕುರುಹು ಕಂಡರು. ಮರುವರ್ಷವೇ ನಮ್ಮ ಚಂದ್ರಯಾನ-1ರಿಂದಲೂ ಚಂದ್ರನಲ್ಲಿ ನೀರಿನ ಅಂಶವಿರುವ ಸುದ್ದಿ ಬಂತು.

ಒಂದು ನೋಟದಲ್ಲಿ ಅಪೊಲೊ

• ಚಂದ್ರನತ್ತ ಹೋದ ಯಾನಗಳು: 9, ಇಳಿದವು: 6 (ಅಪೊಲೊ 11, 12, 14, 15, 16, 17)
• ಚಂದ್ರನವರೆಗೆ ಹೋದವರು: 24; ನೆಲದ ಮೇಲೆ ನಡೆದವರು: 12
• ತಂದ ಕಲ್ಲು, ಮಣ್ಣು: 382 ಕಿಲೊ
• ಸ್ಯಾಟರ್ನ್ 5 ರಾಕೆಟ್‌ನ ಎತ್ತರ: ಸುಮಾರು 110 ಮೀಟರ್
• ದುಡಿದವರು: ಸುಮಾರು 4 ಲಕ್ಷ ಮಂದಿ

ಬೆಂಗಳೂರಿನ ಸರದಿ

ಈ ಪಾಠ ನಮಗೆ ಹೊಸತೇನಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಇಸ್ರೊ ಎಂಜಿನಿಯರುಗಳು ಎಲ್ಲೆಲ್ಲಿ ಏನೇನು ಕೆಡಬಹುದೆಂಬ ಪ್ರಶ್ನೆಯಿಂದಲೇ ಮುಂದಿನ ನೌಕೆಯ ವಿನ್ಯಾಸ ಶುರುಮಾಡಿದರು. ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೊಮೀಟರ್ ಉದ್ದ, 2.4 ಕಿಲೊಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಆ ನೌಕೆ ಚಂದ್ರನ ಮೇಲೆ ಇಳಿದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎದ್ದ ಹರ್ಷೋದ್ಗಾರ ಆ ಪ್ರಾಮಾಣಿಕತೆಯ ಫಲ.

2040ರ ಹೊತ್ತಿಗೆ ಭಾರತೀಯರನ್ನು ಚಂದ್ರನಿಗೆ ಕಳಿಸುವ ಗುರಿ ಈಗ ದೇಶದ ಮುಂದಿದೆ. ಅದಕ್ಕೆ ಹಣ ಬೇಕು, ದೊಡ್ಡ ರಾಕೆಟ್ ಬೇಕು, ವರ್ಷಗಟ್ಟಲೆ ತಾಳ್ಮೆಯೂ ಬೇಕು. ಇವೆಲ್ಲ ಸೇರಿದ ಮೇಲೂ, ಸಭೆಯ ಕೊನೆಯ ಸಾಲಿನಲ್ಲಿ ಕೂತ ಇಪ್ಪತ್ತೈದರ ಹುಡುಗಿಯೊಬ್ಬಳು ಎದ್ದು ‘ಸರ್, ಇಲ್ಲೊಂದು ತಪ್ಪಿದೆ’ ಎಂದಾಗ ಮುಂದಿನ ಸಾಲಿನವರು ಮಾತು ನಿಲ್ಲಿಸಿ ಕೇಳಬೇಕು. ಆ ವಯಸ್ಸಿಗೆ ಬರಲಿರುವ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ. ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸದೆ ಬೆನ್ನು ತಟ್ಟುವ ಪ್ರತಿಯೊಬ್ಬ ಮೇಷ್ಟರೂ 2040ರ ಯಾನಕ್ಕೆ ಇಂದೇ ದುಡಿಯುತ್ತಿದ್ದಾರೆ.