ಕಿವಿಯಲ್ಲಿ ಕೂತ ರೆಫರಿ

ಕ್ರಿಕೆಟ್ಟಿನ ಥರ್ಡ್ ಅಂಪೈರನ್ನು ನೋಡಿ ಬೆಳೆದವರಿಗೆ ಫುಟ್‌ಬಾಲಿನ ವಿಡಿಯೊ ರೆಫರಿಯ ಕೆಲಸ ಸುಲಭ ಅನ್ನಿಸಬಹುದು. ಕ್ರಿಕೆಟ್ಟಿನಲ್ಲಿ ಪ್ರತಿ ಎಸೆತದ ನಂತರ ಆಟ ತಾನಾಗಿಯೇ ನಿಲ್ಲುತ್ತದೆ. ಫುಟ್‌ಬಾಲಿನಲ್ಲಿ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಸುಮ್ಮನಿರಬೇಕು ಎಂಬುದೇ ಈ ಕಸುಬಿನ ಕಷ್ಟ.

ಫುಟ್‌ಬಾಲಿನ ನಿಯಮ ರೂಪಿಸುವ ಐಎಫ್‌ಎಬಿ 2018ರ ಮಾರ್ಚ್‌ನಲ್ಲಿ ವಿಎಆರ್ ಎಂಬ ಈ ವಿಡಿಯೊ ರೆಫರಿ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ರಷ್ಯಾ ವಿಶ್ವಕಪ್. ಪಂದ್ಯ ಕಜಾನ್‌ನಲ್ಲಿರಲಿ, ಸೋಚಿಯಲ್ಲಿರಲಿ, ವಿಡಿಯೊ ರೆಫರಿಗಳು ಕೂತಿದ್ದು ಮಾಸ್ಕೋದ ಕೋಣೆಯೊಂದರಲ್ಲಿ, ಅದೂ ಮೈದಾನಕ್ಕಿಳಿಯುವವರಂತೆ ಜೆರ್ಸಿ ತೊಟ್ಟು. ನಕ್ಕವರು ಬಹಳ ಮಂದಿ. ಆದರೆ ಆ ಕೋಣೆಯಲ್ಲೂ ಬೆವರಿಳಿಯುತ್ತದೆ.

ಮುಖ್ಯ ವಿಡಿಯೊ ರೆಫರಿಯ ಎದುರು ಒಂದು ಪರದೆಯಲ್ಲಿ ನೇರ ಆಟ, ಅದರ ಕೆಳಗಿನದರಲ್ಲಿ ಬೇರೆ ಬೇರೆ ಕೋನದ ದೃಶ್ಯಗಳು. ಅನುಮಾನ ಬಂದು ಅವರು ಕಣ್ಣನ್ನು ಕೆಳಗಿಳಿಸಿದರೆ, ನೇರ ಆಟದ ಮೇಲೆ ಪಕ್ಕದ ಸಹಾಯಕ ಕಣ್ಣಿಡುತ್ತಾನೆ. ಏಕೆಂದರೆ ಅಷ್ಟರಲ್ಲಿ ಇನ್ನೊಂದು ಗೋಲೇ ಬಿದ್ದುಬಿಡಬಹುದು. ಬೇಕಾದ ಕೋನವನ್ನು ಕ್ಷಣದಲ್ಲಿ ಹುಡುಕಿಕೊಡುವವನು ರಿಪ್ಲೇ ಆಪರೇಟರ್. ಅವನು ರೆಫರಿಯಲ್ಲ, ಆದರೂ ಅವನ ಕೈಚಳಕವಿಲ್ಲದೆ ಏನೂ ನಡೆಯದು.

ನೋಡಬಹುದಾದದ್ದಕ್ಕೂ ಮಿತಿಯಿದೆ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್: 2018ರ ನಿಯಮದಲ್ಲಿದ್ದದ್ದು ಈ ನಾಲ್ಕೇ. ಆಗಲೂ ‘ಇದು ಫೌಲೇ?’ ಎಂದು ಕೇಳಿಕೊಳ್ಳುವಂತಿಲ್ಲ. ‘ರೆಫರಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ತಪ್ಪಿದರೇ?’ ಎಂದು ಕೇಳಿಕೊಳ್ಳಬೇಕು. ತಾನಾಗಿದ್ದರೆ ಬೇರೆ ತೀರ್ಪು ಕೊಡುತ್ತಿದ್ದೆ ಅನ್ನಿಸಿದರೂ ಬಾಯಿ ಮುಚ್ಚಿಕೊಂಡಿರುವ ಸಂಯಮ ಎಲ್ಲರಿಗೂ ಬರುವುದಿಲ್ಲ.

ಸ್ಲೋ ಮೋಷನ್ ಇನ್ನೊಂದು ಮಾಯೆ. ನಿಧಾನಗತಿಯಲ್ಲಿ ಪ್ರತಿ ಒದೆತವೂ ಬೇಕೆಂದೇ ಒದ್ದಂತೆ ಕಾಣುತ್ತದೆ. ಹಾಗಾಗಿ ಕಾಲು ಎಲ್ಲಿ ತಗುಲಿತು, ಚೆಂಡು ಕೈಗೆ ಬಡಿಯಿತೇ ಎಂಬುದಕ್ಕೆ ಮಾತ್ರ ನಿಧಾನಗತಿ. ಏಟಿನ ರಭಸ ಅಳೆಯಲು ಸಹಜ ವೇಗ. 2018ರ ಫೈನಲ್‌ನಲ್ಲಿ ಕ್ರೊವೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಗುಲಿದಾಗ ರೆಫರಿ ನೆಸ್ಟರ್ ಪಿಟಾನಾ ಮೈದಾನದ ಅಂಚಿನ ಮಾನಿಟರ್ ನೋಡಿ ಹೊರಟರು, ಮನಸ್ಸು ತಡೆಯದೆ ಹಿಂತಿರುಗಿ ಮತ್ತೆ ನೋಡಿದರು, ಆಮೇಲೆ ಫ್ರಾನ್ಸ್‌ಗೆ ಪೆನಾಲ್ಟಿ ಕೊಟ್ಟರು. ಅಷ್ಟು ಅಳೆದು ಸುರಿದು ನೋಡಬೇಕಾದದ್ದು ‘ಸ್ಪಷ್ಟ ತಪ್ಪು’ ಹೇಗಾದೀತು ಎಂಬ ತಕರಾರು ಇಂದಿಗೂ ಇದೆ. ನನಗೂ ಅದು ಸರಿಯೆನ್ನಿಸುತ್ತದೆ.

ಆಫ್‌ಸೈಡ್‌ನಲ್ಲಿ ಮಾತ್ರ ಯಂತ್ರಕ್ಕೆ ಕೈಮುಗಿಯಬೇಕು. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಓಡುವ ಆಟಗಾರ ಒಂದು ಚಿತ್ರದಿಂದ ಮುಂದಿನದಕ್ಕೆ ಸುಮಾರು 14 ಸೆಂ.ಮೀ. ಸಾಗಿರುತ್ತಾನೆ. ಅಂಥ ಚಿತ್ರದ ಮೇಲೆ ಕೈಯಿಂದ ಗೆರೆ ಎಳೆದು ಹೆಬ್ಬೆರಳಿನ ಲೆಕ್ಕ ಹೇಳುವುದು ಹುಂಬತನವೇ ಆಗಿತ್ತು. 2022ರ ಕತಾರ್ ವಿಶ್ವಕಪ್‌ನಲ್ಲಿ ಛಾವಣಿಯಡಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಹಿಂಬಾಲಿಸಿದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಸುದ್ದಿ ಕಳಿಸಿತು, ಒದ್ದ ಗಳಿಗೆ ಯಾವುದೆಂದು ಗೊತ್ತಾಯಿತು. ಉದ್ಘಾಟನಾ ಪಂದ್ಯದ ಆರಂಭದಲ್ಲೇ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ಹೀಗೆ ರದ್ದಾಯಿತು.

ಆದರೆ ಯಂತ್ರ ಕಂಡದ್ದನ್ನು ಬಾಯಿ ಹೇಳಬೇಕಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದರು. ಮೈದಾನದಲ್ಲಿ ಆಫ್‌ಸೈಡ್ ಎಂದರು. ಗೆರೆ ಎಳೆದು ನೋಡಿದರೆ ಆಫ್‌ಸೈಡ್ ಅಲ್ಲ. ಮೈದಾನದ ತೀರ್ಪು ‘ಗೋಲು’ ಎಂದೇ ಭಾವಿಸಿದ್ದ ವಿಡಿಯೊ ರೆಫರಿ ‘ಚೆಕ್ ಕಂಪ್ಲೀಟ್’, ಅಂದರೆ ಮೈದಾನದ ತೀರ್ಪೇ ಸರಿ, ಎಂದುಬಿಟ್ಟರು. ಎಡವಟ್ಟನ್ನು ಮೊದಲು ಗಮನಿಸಿದವನು ರಿಪ್ಲೇ ಆಪರೇಟರ್. ಅಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ನಿಯಮದ ಪ್ರಕಾರ ಹಿಂದೆ ಹೋಗುವಂತಿರಲಿಲ್ಲ. ಲಿವರ್‌ಪೂಲ್ 1-2ರಿಂದ ಸೋತಿತು.

ಹೀಗಿದ್ದೂ ವಿಎಆರ್ ಕೈಬಿಡಬೇಕೆಂದು 2024ರಲ್ಲಿ ವೂಲ್ವ್ಸ್ ತಂದ ಪ್ರಸ್ತಾವಕ್ಕೆ ಪ್ರೀಮಿಯರ್ ಲೀಗ್‌ನ ಉಳಿದ 19 ಕ್ಲಬ್‌ಗಳೂ ಬೇಡ ಎಂದವು. ತೀರ್ಪು ಸುಧಾರಿಸಿದೆ, ನಿಜ. ನಷ್ಟವಾದದ್ದು ಗ್ಯಾಲರಿಯಲ್ಲಿ ಕೂತವರಿಗೆ: ಗೋಲು ಬಿದ್ದರೂ ಮನಸಾರೆ ಕುಣಿಯುವ ಹಾಗಿಲ್ಲ, ಕಾಯುತ್ತಿರುವುದು ಯಾತಕ್ಕೆಂದೂ ತಿಳಿಯುವುದಿಲ್ಲ. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳೇ ಮೈಕ್‌ನಲ್ಲಿ ತೀರ್ಪು ಹೇಳಿದ್ದು ಇದಕ್ಕೇ. ಆಕ್ಲೆಂಡ್‌ನ ಮೊದಲ ಪಂದ್ಯದ ಕೊನೆಯಲ್ಲಿ ಜಪಾನಿನ ಯೋಶಿಮಿ ಯಮಾಶಿತಾ ಮಾನಿಟರ್ ನೋಡಿ ಬಂದು, ಕೈಗೆ ಚೆಂಡು ತಗುಲಿದೆ, ಪೆನಾಲ್ಟಿ ಎಂದು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಹೇಳಿದರು. ನ್ಯೂಜಿಲೆಂಡ್ ಅಭಿಮಾನಿಗಳು ಕುಣಿದರು. ರಿಯಾ ಪರ್ಸಿವಲ್ ಒದ್ದ ಚೆಂಡು ಮಾತ್ರ ಗೋಲ್‌ಪೋಸ್ಟಿನ ಅಡ್ಡಪಟ್ಟಿಗೆ ಬಡಿಯಿತು.