ಅಜ್ಜಂಪುರದ ಪಿನ್ ಕೋಡ್ ಮತ್ತು ಗುಟ್ಟಿನ ಬೀಗ

ಕಡೂರಿನ ಪಿನ್ ಕೋಡ್ 577548, ತರೀಕೆರೆಯದು 577228, ಅಜ್ಜಂಪುರದ್ದು 577547. ಅಂಚೆಯವರಿಗೆ ಮೂರೂ ಒಂದೇ. ಗಣಿತಜ್ಞರ ಕಣ್ಣಿಗೆ ಮಾತ್ರ ಅಜ್ಜಂಪುರದ ಸಂಖ್ಯೆ ವಿಶೇಷವಾದದ್ದು. ಅದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗದು. ಅಷ್ಟು ತೆಂಗಿನಕಾಯಿಗಳನ್ನು ಸಮನಾದ ಹಲವು ಸಾಲುಗಳಲ್ಲಿ ಜೋಡಿಸಲು ಹೊರಟರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ.

ಇದು ತಿಳಿಯುವುದು ಹೇಗೆ? 760ರ ವರ್ಗ 5,77,600. ಅಜ್ಜಂಪುರದ ಸಂಖ್ಯೆ ಇದಕ್ಕಿಂತ ಚಿಕ್ಕದು. ಎರಡು ಸಂಖ್ಯೆಗಳ ಗುಣಲಬ್ಧ ಅದಾಗಿದ್ದರೆ, ಒಂದಾದರೂ 760ಕ್ಕಿಂತ ಕಡಿಮೆ ಇರಲೇಬೇಕು. ಆದ್ದರಿಂದ 760ರೊಳಗಿನ 134 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ತಾಳ್ಮೆಯಿದ್ದವರು ಪೆನ್ಸಿಲ್ ಹಿಡಿದೇ ಮುಗಿಸಬಹುದು. ಆದರೆ 300 ಅಂಕಿಗಳ ಸಂಖ್ಯೆಗೆ ಇದೇ ದಾರಿ ಹಿಡಿದರೆ ಕಂಪ್ಯೂಟರಿಗೂ ವಿಶ್ವದ ಆಯುಸ್ಸು ಸಾಲದು.

ಅಂಥ ದೊಡ್ಡ ಅವಿಭಾಜ್ಯಗಳು ಯಾರಿಗೆ ಬೇಕು ಎಂದು ಕೇಳಬಹುದು. ಉತ್ತರ ಕಡೂರಿನ ಪಿನ್ ಕೋಡಿನಲ್ಲಿದೆ. ಅದನ್ನು 36ರಿಂದ ಭಾಗಿಸಿದರೆ 16043 ಬರುತ್ತದೆ. 61ನ್ನು 263ರಿಂದ ಗುಣಿಸಿದರೆ 16043 ಎಂದು ಕಂಡುಕೊಳ್ಳಲು ಒಂದು ನಿಮಿಷ ಸಾಕು. ಆದರೆ 16043 ಯಾವೆರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ 2, 3, 5 ಎಂದು ಭಾಗಿಸುತ್ತ 18ನೇ ಯತ್ನದಲ್ಲಿ 61 ಸಿಗುತ್ತದೆ. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಈ ಗುಣವನ್ನೇ ಬೀಗವಾಗಿಸಿದವರು ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್; ವರ್ಷ 1977. ಸುಮಾರು 300 ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿಟ್ಟು, ಅವೆರಡನ್ನು ಮಾತ್ರ ಗುಟ್ಟಾಗಿಡುವುದೇ ಇದರ ಮರ್ಮ.

ಆ ಅವಿಭಾಜ್ಯಗಳನ್ನು ಗುರುತಿಸಲು ಭಾಗಾಕಾರವಲ್ಲದ ದಾರಿ ಬೇಕು. 17ನೇ ಶತಮಾನದಲ್ಲಿ ಫರ್ಮಾ ಒಂದು ಸುಳಿವು ಕೊಟ್ಟಿದ್ದ. 2ನ್ನು ಏಳು ಸಲ ಬರೆದು ಗುಣಿಸಿದರೆ 128. 2 ಕಳೆದರೆ 126. ಅದು 7ರಿಂದ ಭಾಗವಾಗುತ್ತದೆ. ಎಲ್ಲ ಅವಿಭಾಜ್ಯಗಳಿಗೂ ಈ ನಿಯಮ ಸಲ್ಲುತ್ತದೆ. ಆದರೆ 341ರಂಥ ಸಂಖ್ಯೆ, 11 ಮತ್ತು 31ರ ಗುಣಲಬ್ಧವಾಗಿದ್ದೂ, ಈ ಪರೀಕ್ಷೆಯಲ್ಲಿ ನುಸುಳಿ ಪಾಸಾಗುತ್ತದೆ.

ಯಾವ ಸಂಖ್ಯೆಗೂ ತಪ್ಪಿಲ್ಲದ ತೀರ್ಪನ್ನು, ಲೆಕ್ಕದ ಹೊರೆ ಕೈಮೀರದಂತೆ ಕೊಡುವ ವಿಧಾನ ಹೊರಬಿದ್ದದ್ದು 2002ರಲ್ಲಿ, ಕಾನ್ಪುರದ ಐಐಟಿಯಲ್ಲಿ. ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್ ಜೊತೆಗಿದ್ದವರು ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು.

2024ರ ಅಕ್ಟೋಬರಿನಲ್ಲಿ ಪತ್ತೆಯಾದ ಒಂದು ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಬೀಗಕ್ಕೆ ಅಂಥ ದೈತ್ಯ ಬೇಕಿಲ್ಲ. ಬೀಗದ ಚಿಂತೆಯೇ ಬೇರೆ. ಗುಣಲಬ್ಧವನ್ನು ಬಿಡಿಸುವುದು ನಿಜಕ್ಕೂ ಕಷ್ಟವೆಂದು ಯಾರೂ ಸಾಧಿಸಿ ತೋರಿಸಿಲ್ಲ. ಸುಲಭದ ದಾರಿ ಈವರೆಗೆ ಸಿಕ್ಕಿಲ್ಲ, ಅಷ್ಟೆ. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ದಾರಿಯುಂಟು ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಹೊಸ ಬಗೆಯ ಬೀಗಗಳಿಗೆ ಹುಡುಕಾಟ ನಡೆದಿರುವುದು ಅದಕ್ಕೇ.